ದಿನಕ್ಕೊಂದು ಅಚ್ಚು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವವರಲ್ಲಿ ಹೆಚ್ಚಿನವರು ಮಲವಗೊಪ್ಪವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿರುತ್ತಾರೆ. ಬಿ.ಎಚ್. ರಸ್ತೆಗೆ ಅಂಟಿಕೊಂಡ ಊರು. ಆ ಕಡೆ ತುಂಗೆಯ ದಡದ ಶಿವಮೊಗ್ಗ, ಈ ಕಡೆ ಭದ್ರೆಯ ದಡದ ಭದ್ರಾವತಿ, ನಡುವೆ ನಾವು. ಇಲ್ಲಿ ಮನೆ ಮಾಡಿಕೊಂಡಿರುವ ಅನೇಕರಿಗೆ ಕೆಲಸ ಈ ಎರಡು ಊರುಗಳಲ್ಲಿ, ಇಲ್ಲವೇ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ. ಹಾಗಾಗಿ ಊರು ಬೆಳಕಿಗಿಂತ ಮೊದಲೇ ಏಳುತ್ತದೆ. ಮಸೀದಿಯ ಬಾಂಗು, ದೇವಸ್ಥಾನದ ಮೈಕಿನ ಸುಪ್ರಭಾತ, ಹಾಲಿನ ಗಾಡಿಯ ಹಾರನ್ನು, ಮೊದಲ ಪಾಳಿಗೆ ಹೊರಟವರ ಬೈಕು, ಅಂಗಳಕ್ಕೆ ನೀರು ಚಿಮುಕಿಸುವ ಸದ್ದು. ಇವೆಲ್ಲದರ ಅಡಿಯಲ್ಲಿ, ಕಿವಿಗೊಟ್ಟರೆ ಮಾತ್ರ ಕೇಳುವ ಹಾಗೆ, ಕೆಲವು ಮನೆಗಳಲ್ಲಿ ಇನ್ನೊಂದು ಗುನುಗು ಇರುತ್ತದೆ. ಅದು ಕ್ರೈಸ್ತರ ಮನೆಗಳ ಬೆಳಗಿನ ಪ್ರಾರ್ಥನೆ. ಅದಕ್ಕೆ ಮೈಕಿಲ್ಲ. ಒಲೆಯ ಮೇಲೆ ನೀರು ಕಾಯುತ್ತಿರುವಾಗ, ಮಕ್ಕಳು ಅರೆಗಣ್ಣಿನಲ್ಲಿ ಗೋಡೆಗೆ ಒರಗಿರುವಾಗ, ಮನೆಯ ಹಿರಿಯರು ಶುರು ಮಾಡುತ್ತಾರೆ. ಉಳಿದವರು ಅರ್ಧಕ್ಕೆ ಬಂದು ಸೇರಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಅದು ಐದೂಕಾಲಕ್ಕೆ. ಹಾಲ್‌ನ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರವಿದೆ, ಅದರ ಕೆಳಗೆ ಮೊಂಬತ್ತಿಯ ಬದಲು ಸಣ್ಣದೊಂದು ಕೆಂಪು ಬಲ್ಬು. ಮೊದಲು ಶಿಲುಬೆಯ ಗುರುತು, ಆಮೇಲೆ ತ್ರಿಕಾಲ ಪ್ರಾರ್ಥನೆ, ಪ್ರಭು ಯೇಸು ಕಲಿಸಿದ ಪ್ರಾರ್ಥನೆ, ಮೂರು ನಮೋ ಮರಿಯಾ, ಒಂದು ಕೀರ್ತನೆ, ಈ ದಿನದ ಕೆಲಸವನ್ನೂ ನೋವನ್ನೂ ದೇವರಿಗೆ ಒಪ್ಪಿಸುವ ಅರ್ಪಣೆ. ಕೊನೆಗೆ ಹೆಸರುಗಳು: ಕಾಯಿಲೆ ಬಿದ್ದವರು, ಪರೀಕ್ಷೆ ಬರೆಯುವವರು, ಕೆಲಸ ಹುಡುಕುತ್ತಿರುವವರು, ತೀರಿಕೊಂಡವರು. ಎಲ್ಲ ಸೇರಿ ಹನ್ನೆರಡು ನಿಮಿಷ. ಹೆಸರುಗಳು ಹೆಚ್ಚಿರುವ ದಿನ ಹದಿನೈದು. ನನ್ನ ನೆನಪಿಗೆ ತಿಳಿದ ಮಟ್ಟಿಗೆ ಈ ಕ್ರಮ ಬದಲಾಗಿಲ್ಲ. ಬದಲಾಗಿದ್ದು ಸುತ್ತಲಿನ ಊರು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1918ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಿಂದ ಕುಲುಮೆಯಲ್ಲಿ ಕಬ್ಬಿಣ ಕರಗತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. ಹಾಗೆ ಬಂದವರಲ್ಲಿ ನಮ್ಮ ತಾತನೂ ಒಬ್ಬರು, ಸೇಲಂ ಕಡೆಯವರು. ಆ ಕಾಲದವರಿಗೆ ಕಾರ್ಖಾನೆಯ ಸೈರನ್ನೇ ಗಡಿಯಾರ. ಅಡುಗೆ, ಶಾಲೆ, ಪೂಜೆ, ಪ್ರಾರ್ಥನೆ ಎಲ್ಲವೂ ಅದರ ಲೆಕ್ಕಕ್ಕೇ ನಡೆಯುತ್ತಿದ್ದವು. 2015ರ ಹೊತ್ತಿಗೆ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. 2023ರಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದು ದಿನಗಟ್ಟಲೆ ಧರಣಿ ಕೂತರು. ಆ ದಿನಗಳಲ್ಲಿ ನಮ್ಮ ಮನೆಯ ಪ್ರಾರ್ಥನೆ ಹದಿನೈದು ನಿಮಿಷವನ್ನೂ ದಾಟುತ್ತಿತ್ತು. ಹೆಸರುಗಳು ಮುಗಿಯುತ್ತಲೇ ಇರಲಿಲ್ಲ.

ನಮ್ಮ ಮನೆಯ ಪ್ರಾರ್ಥನೆಗೆ ನಾಲ್ಕು ಭಾಷೆಗಳ ಸಾಲವಿದೆ. ಅಜ್ಜಿ ತಮಿಳಿನಲ್ಲಿ ಪ್ರಾರ್ಥಿಸುತ್ತಿದ್ದರು. ಅಪ್ಪ 1948ರಲ್ಲಿ ಭದ್ರಾವತಿಯಲ್ಲೇ ಹುಟ್ಟಿದವರು, ಚಿಕ್ಕಂದಿನಲ್ಲಿ ಪೀಠದ ಹತ್ತಿರ ಪೂಜೆಗೆ ಸಹಾಯ ಮಾಡುವ ಹುಡುಗ. ಆಗ ಬಲಿಪೂಜೆ ಲತೀನಿನಲ್ಲಿ. ಗುರುಗಳು ಹೇಳಿದ್ದಕ್ಕೆ ಉತ್ತರ ಕೊಡಲು ಅಪ್ಪ ಲತೀನನ್ನು ಒಂದಕ್ಷರ ಅರ್ಥವಾಗದೆ ಬಾಯಿಪಾಠ ಮಾಡಿದ್ದರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಭಾಷೆಗಳಿಗೆ ಬಂತು. ಅಪ್ಪ ಕನ್ನಡದಲ್ಲಿ ಮತ್ತೆ ಮೊದಲಿನಿಂದ ಕಲಿತರು. ಅಮ್ಮನ ತವರು ಮಂಗಳೂರು ಕಡೆ, ಅವಳು ಕೊಂಕಣಿಯಲ್ಲಿ ಕಲಿತವಳು. ಮದುವೆಯಾದ ಮೇಲೆ ಇಬ್ಬರಿಗೂ ಸಮವಾಗಿ ದೂರವೂ ಸಮವಾಗಿ ಹತ್ತಿರವೂ ಆದ ಕನ್ನಡವೇ ಮನೆಯ ಪ್ರಾರ್ಥನೆಯ ಭಾಷೆಯಾಯಿತು. ನಾನೂ ನನ್ನ ತಮ್ಮನೂ ಕನ್ನಡದಲ್ಲಲ್ಲದೆ ಬೇರೆ ಯಾವ ಭಾಷೆಯಲ್ಲೂ ದೇವರನ್ನು ಕರೆದವರಲ್ಲ.

ಅಪ್ಪನ ಕಸುಬಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರು ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡುತ್ತಿದ್ದವರು. ಕಬ್ಬಿಣದ ಒಂದು ಭಾಗವನ್ನು ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಬೇಕು. ಅದೇ ಪ್ಯಾಟರ್ನ್. ಅದರ ಸುತ್ತ ಜೇಡಿ ಮತ್ತು ನೀರು ಬೆರೆಸಿದ ಮರಳನ್ನು ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ತುಂಬಿ, ಪ್ಯಾಟರ್ನನ್ನು ಹುಷಾರಾಗಿ ಮೇಲೆತ್ತಿದರೆ ಮರಳಿನಲ್ಲಿ ಅದರ ಪೊಳ್ಳು ಉಳಿಯುತ್ತದೆ. ಅದು ಅಚ್ಚು. ಕಾದ ಕಬ್ಬಿಣವನ್ನು ಹೊಯ್ಯುವುದು ಆ ಪೊಳ್ಳಿಗೆ. ಕಬ್ಬಿಣ ಆರಿ ಗಟ್ಟಿಯಾದ ಮೇಲೆ ಅಚ್ಚನ್ನು ಒಡೆದು ಭಾಗವನ್ನು ಹೊರತೆಗೆಯುತ್ತಾರೆ. ಮರಳನ್ನು ಜರಡಿ ಹಿಡಿದು, ನೀರು ಸೇರಿಸಿ ಹದ ಮಾಡಿ, ಮುಂದಿನ ಅಚ್ಚಿಗೆ ಬಳಸುತ್ತಾರೆ.

ಪ್ಯಾಟರ್ನ್ ಮಾಡುವವರ ಹತ್ತಿರ ಒಂದು ವಿಚಿತ್ರವಾದ ಅಳತೆಪಟ್ಟಿ ಇರುತ್ತದೆ. ಕಬ್ಬಿಣ ಆರುವಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು 10 ಮಿಲಿಮೀಟರ್. ಆದ್ದರಿಂದ ಪ್ಯಾಟರ್ನು ಬೇಕಾದ ಅಳತೆಗಿಂತ ಅಷ್ಟು ದೊಡ್ಡದಿರಬೇಕು. ಪ್ರತಿಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಗೆರೆಗಳನ್ನೇ ಒಂದಿಷ್ಟು ದೂರದೂರ ಎಳೆದ ಸ್ಕೇಲ್ ಮಾಡಿಟ್ಟುಕೊಂಡಿರುತ್ತಾರೆ. ಬೇಸಿಗೆ ರಜೆಗೆ ಬಂದ ತಮ್ಮನ ಮಗ ಆ ಸ್ಕೇಲಿನಲ್ಲಿ ತನ್ನ ಎತ್ತರ ಅಳೆದುಕೊಂಡು, ಶಾಲೆಯಲ್ಲಿ ಅಳೆದದ್ದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಕಮ್ಮಿಯಾಗಿದ್ದೇನೆಂದು ಅತ್ತುಬಿಟ್ಟಿದ್ದ. "ನೀನು ಇನ್ನೂ ಆರಿಲ್ಲ ಬಿಡೋ, ಬೆಳೀತೀಯ" ಅಂತ ಅಪ್ಪ ನಕ್ಕಿದ್ದರು. ಅಪ್ಪ ನಕ್ಕು ಪೂರ್ತಿ ವಾಕ್ಯವೊಂದನ್ನು ಹೇಳಿದ ನೆನಪುಗಳಲ್ಲಿ ಅದು ಕೊನೆಯ ಕೆಲವುಗಳಲ್ಲೊಂದು.

2022ರ ಜುಲೈನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮಿದುಳಿನ ಎಡಭಾಗ. ಬಲಗೈ, ಬಲಗಾಲು ಸೋತವು. ಕಾಲು ಒಂದಿಷ್ಟು ದಿನಗಳಲ್ಲಿ ಚೇತರಿಸಿಕೊಂಡಿತು, ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುವಷ್ಟು. ಮಾತು ಬರಲಿಲ್ಲ. ಇದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ನಾಲಿಗೆಗೆ ಏನೂ ಆಗಿರುವುದಿಲ್ಲ. ಮನಸ್ಸಿನಲ್ಲಿ ಇರುವುದಕ್ಕೂ ಬಾಯಿಗೂ ನಡುವಿನ ದಾರಿ ಕಡಿದುಹೋಗಿರುತ್ತದೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅಂಥ ರೋಗಿಯೊಬ್ಬನನ್ನು ಪರೀಕ್ಷಿಸಿದ್ದರು. ಆತನಿಗೆ ಏನು ಕೇಳಿದರೂ ಬರುತ್ತಿದ್ದುದು 'ತಾನ್' ಎಂಬ ಒಂದೇ ಸದ್ದು. ಆತ ಸತ್ತ ಮೇಲೆ ಮಿದುಳನ್ನು ನೋಡಿದಾಗ ಎಡಗಡೆಯ ಮುಂಭಾಗದಲ್ಲಿ ಪೆಟ್ಟು ಕಂಡಿತು. ಮಾತಿಗೂ ಮಿದುಳಿನ ಆ ಜಾಗಕ್ಕೂ ಇರುವ ಸಂಬಂಧ ವೈದ್ಯಲೋಕಕ್ಕೆ ಖಚಿತವಾಗತೊಡಗಿದ್ದು ಹಾಗೆ.

ಇದೆಲ್ಲ ಓದಿ ತಿಳಿದುಕೊಳ್ಳುವುದು ಸುಲಭ. ಮನೆಯಲ್ಲಿ ನೋಡುವುದು ಕಷ್ಟ. ಅಪ್ಪ ನೀರು ಬೇಕೆಂದು ಕಣ್ಣಿನಲ್ಲಿ ಹೇಳುತ್ತಿದ್ದರು. ನಾವು ಔಷಧಿಯೇ, ಹೊದಿಕೆಯೇ, ಫ್ಯಾನೇ ಅಂತ ಒಂದೊಂದಾಗಿ ಕೇಳುತ್ತಾ ಹೋಗುವಷ್ಟರಲ್ಲಿ ಅವರಿಗೆ ಸಿಟ್ಟು ಬಂದು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಮೂರನೆಯ ವಾರದಲ್ಲಿ ಊಟಕ್ಕೂ ಬಾಯಿ ತೆರೆಯುವುದನ್ನು ಬಿಟ್ಟರು. ಗಂಜಿಯ ಚಮಚ ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿ ಕೂರುವರು. ಬದುಕುವುದು ಬೇಡ ಅನ್ನುವ ಮನುಷ್ಯ ಅದನ್ನು ಹೇಳಲು ಮಾತು ಬೇಕಾಗಿಲ್ಲ.

ಅದೇ ವಾರ ಅಮ್ಮ ಪ್ರಾರ್ಥನೆ ನಿಲ್ಲಿಸಿದಳು. ನಲವತ್ತಾರು ವರ್ಷ ಆ ಮನೆಯ ಬೆಳಗಿನ ಪ್ರಾರ್ಥನೆಯನ್ನು ಶುರುಮಾಡುತ್ತಿದ್ದವಳು ಅವಳೇ. ಆ ದಿನ ಐದೂಕಾಲಕ್ಕೆ ಎದ್ದು, ಬಲ್ಬು ಹಾಕದೆ, ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. "ಏನಂತ ಕೇಳ್ಲಿ ದೇವ್ರನ್ನ? ಮಾತಾಡೋ ಮನುಷ್ಯನ ಮಾತೇ ಕಿತ್ಕೊಂಡ. ಇನ್ನು ನನ್ನ ಮಾತು ಅವನಿಗ್ಯಾಕೆ?" ಅಂದಳು. ನಾನು ಏನೂ ಉತ್ತರ ಹೇಳಲಿಲ್ಲ. ಉತ್ತರ ನನ್ನ ಹತ್ತಿರ ಇರಲಿಲ್ಲ, ಮತ್ತು ಅವಳ ಪ್ರಶ್ನೆ ಅಪಚಾರ ಅಂತಲೂ ನನಗೆ ಅನ್ನಿಸಲಿಲ್ಲ. ಬೈಬಲಿನ ಕೀರ್ತನೆಗಳಲ್ಲಿ 88ನೆಯದು ತೀರಾ ಕತ್ತಲೆಯದು. ಬೇರೆ ದುಃಖದ ಕೀರ್ತನೆಗಳು ಕೊನೆಗಾದರೂ ಒಂದು ಭರವಸೆಗೆ ಹೊರಳುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಅದರ ನಡುವಿನಲ್ಲಿ, ದೇವರು ಮುಖ ಮರೆಮಾಡಿದ್ದಾನೆಂದು ದೂರುವ ಆ ಮನುಷ್ಯ, ಬೆಳಗ್ಗೆ ತನ್ನ ಪ್ರಾರ್ಥನೆ ಆತನ ಎದುರಿಗೆ ಬಂದು ನಿಲ್ಲುತ್ತದೆ ಎಂದೂ ಹೇಳುತ್ತಾನೆ. ದೂರು ಕೊಡುವವನೂ ಬೆಳಗ್ಗೆ ಎದ್ದು ಬಂದಿದ್ದಾನೆ. ಅಮ್ಮನೂ ಐದೂಕಾಲಕ್ಕೇ ಎದ್ದಿದ್ದಳು.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಎಂಟೂವರೆಯ ಬಸ್ಸಿಗೆ ಮುಂಚೆ ಅಪ್ಪನ ಮೈ ಒರೆಸಿ, ಬಟ್ಟೆ ಬದಲಿಸಿ, ಬಲಗೈಗೆ ವ್ಯಾಯಾಮ ಮಾಡಿಸಿ, ಔಷಧಿ ಕೊಟ್ಟು, ಅಮ್ಮನಿಗೆ ಮಧ್ಯಾಹ್ನದ್ದೆಲ್ಲ ಹೇಳಿ ಹೊರಡಬೇಕು. ಹನ್ನೆರಡು ನಿಮಿಷ ಉಳಿಸುವುದಾದರೆ ಉಳಿಸಬಹುದಾಗಿತ್ತು. ಆದರೂ ಮರುದಿನ ನಾನೇ ಕೆಂಪು ಬಲ್ಬು ಹಾಕಿದೆ. ದೊಡ್ಡ ನಂಬಿಕೆಯಿಂದೇನೂ ಅಲ್ಲ. ಆ ಹೊತ್ತಿನಲ್ಲಿ ಮನೆ ಸುಮ್ಮನಿರುವುದನ್ನು ಕೇಳಿಸಿಕೊಳ್ಳಲಾಗದೆ. ಅಪ್ಪನ ಮಂಚವನ್ನು ಹಾಲ್‌ಗೆ ಹಾಕಿದ್ದೆವು. ಅದರ ಪಕ್ಕದಲ್ಲಿ ಕೂತು ಶಿಲುಬೆಯ ಗುರುತು ಮಾಡಿ ಒಬ್ಬಳೇ ಶುರು ಮಾಡಿದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಹಾಗೆ ನಾಲ್ಕು ದಿನ.

ಐದನೆಯ ದಿನ ಪ್ರಭು ಕಲಿಸಿದ ಪ್ರಾರ್ಥನೆಯ ಮೂರನೆಯ ಸಾಲಿನಲ್ಲಿ ಇನ್ನೊಂದು ದನಿ ಸೇರಿತು. ಗೊಗ್ಗರು, ಒಡೆದದ್ದು, ಒಂದು ಮಾತ್ರೆ ಹಿಂದೆ. ನಾನು ನಿಲ್ಲಿಸಿದರೆ ಅದೂ ನಿಂತೀತೆಂದು ಹೆದರಿ, ಕಣ್ಣು ತೆರೆಯದೆ ಮುಂದುವರಿಸಿದೆ. ಅಪ್ಪ ಕೊನೆಯವರೆಗೆ ಹೇಳಿದರು. ಅಂದಂದಿನ ಆಹಾರ ಕೇಳುವ ಸಾಲು, ಕ್ಷಮೆಯ ಸಾಲು, ಕೇಡಿನಿಂದ ಕಾಪಾಡೆನ್ನುವ ಸಾಲು ಎಲ್ಲವನ್ನೂ. ಆಮೆನ್ ಅಂದ ಮೇಲೆ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಚೌಕಟ್ಟು ಹಿಡಿದು ನಿಂತಿದ್ದಳು. "ಅಪ್ಪಾ, ನೀರು ಬೇಕಾ?" ಅಂತ ನಾನು ಆಸೆಯಿಂದ ಕೇಳಿದೆ. ಅಪ್ಪನ ಬಾಯಿ ತೆರೆಯಿತು, ಮುಚ್ಚಿತು. ಏನೂ ಬರಲಿಲ್ಲ. ಅವರ ಕಣ್ಣಿನಿಂದ ನೀರು ಇಳಿಯಿತು.

ವಾಕ್ ಚಿಕಿತ್ಸಕಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ ಆಕೆ, ನಿಧಾನವಾಗಿ ವಿವರಿಸಿದಳು. ನಾವು ಹೊಸದಾಗಿ ಕಟ್ಟುವ ಮಾತು ಬೇರೆ, ಸಾವಿರಾರು ಸಲ ಹೇಳಿ ನಾಲಿಗೆಯಲ್ಲಿ ಕೂತುಬಿಟ್ಟ ಮಾತು ಬೇರೆ. ಒಂದರಿಂದ ಹತ್ತು, ವಾರದ ದಿನಗಳು, ಹಾಡು, ಬೈಗುಳ, ಪ್ರಾರ್ಥನೆ ಇವು ಎರಡನೆಯ ಜಾತಿಗೆ ಸೇರಿದವು. ಮೊದಲನೆಯದು ಹೋದರೂ ಎರಡನೆಯದು ಕೆಲವರಲ್ಲಿ ಉಳಿಯುತ್ತದೆ. ಇದು ಹೊಸ ವಿಷಯವೂ ಅಲ್ಲ. 1745ರಲ್ಲೇ ಸ್ವೀಡನ್ನಿನ ಓಲೋಫ್ ದಾಲಿನ್ ಎಂಬ ಲೇಖಕ ಇಂಥ ಒಬ್ಬನ ಬಗ್ಗೆ ಬರೆದಿಟ್ಟಿದ್ದಾರೆ. ಆ ಮನುಷ್ಯನಿಗೆ 'ಹೌದು' ಎನ್ನುವುದಕ್ಕಿಂತ ಹೆಚ್ಚಿನ ಮಾತು ಬರುತ್ತಿರಲಿಲ್ಲ, ಆದರೆ ಕಲಿತಿದ್ದ ಭಕ್ತಿಗೀತೆಗಳನ್ನು ಹಾಡುತ್ತಿದ್ದ, ಕೆಲವು ಪ್ರಾರ್ಥನೆಗಳನ್ನು ಹೇಳುತ್ತಿದ್ದ. "ಇದನ್ನ ಮಾತು ವಾಪಸ್ ಬಂತು ಅಂತ ತಿಳ್ಕೋಬೇಡಿ ಮೇಡಂ, ಆಮೇಲೆ ನಿರಾಸೆ ಆಗುತ್ತೆ. ಆದ್ರೆ ನಿಲ್ಲಿಸ್ಬೇಡಿ" ಅಂದಳು.

ಫೋನಿನಲ್ಲಿ ಇದನ್ನು ಕೇಳಿದ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದು ಟೇಪ್‌ರೆಕಾರ್ಡರ್ ಥರ ಅಲ್ವಾ ಅಕ್ಕಾ? ಅಪ್ಪ ಪ್ರಾರ್ಥನೆ ಮಾಡ್ತಿದಾರೆ ಅಂತ ಹೇಗೆ ಹೇಳೋದು?" ಅಂದ. ಅವನದು ಕುಹಕವಲ್ಲ, ನಿಜವಾದ ಪ್ರಶ್ನೆ. ಅದು ಕೆಲವು ದಿನ ಬಸ್ಸಿನಲ್ಲಿ, ಮಂಡಿಯಲ್ಲಿ ನನ್ನ ಜೊತೆಗೇ ಓಡಾಡಿತು. ಬಾಯಿಪಾಠದ ಪ್ರಾರ್ಥನೆಯನ್ನು ಹಗುರವಾಗಿ ಕಾಣುವವರು ನಮ್ಮಲ್ಲೂ ಇದ್ದಾರೆ, ಬೇರೆ ಸಭೆಗಳಲ್ಲೂ ಇದ್ದಾರೆ. ಹೃದಯದಿಂದ ತಾನಾಗಿ ಬಂದ ಮಾತೇ ನಿಜವಾದ ಪ್ರಾರ್ಥನೆ ಎನ್ನುವುದು ಅವರ ವಾದ. ಚೆನ್ನಾಗಿರುವ ದಿನಗಳ ಮಟ್ಟಿಗೆ ಆ ವಾದ ಸರಿ. ಹೃದಯದಿಂದ ಮಾತೇ ಬಾರದ ದಿನಗಳಿಗೆ ಏನು ಮಾಡುವುದು?

ಸಂತ ಪೌಲ ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಈ ದಿನಗಳ ಬಗ್ಗೆ ಹೇಳುತ್ತಾನೆ. ಹೇಗೆ ಪ್ರಾರ್ಥಿಸಬೇಕೆಂದೇ ನಮಗೆ ತಿಳಿಯದಾಗ, ಮಾತಿಗೆ ನಿಲುಕದ ನರಳಾಟದಲ್ಲಿ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡುತ್ತಾನಂತೆ. ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ ಹಿಟ್ಲರನ ಸರ್ಕಾರದ ಕೈದಿಯಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದಾಗ, 1943ರ ಕ್ರಿಸ್‌ಮಸ್ ಹೊತ್ತಿಗೆ ಜೊತೆಯ ಕೈದಿಗಳಿಗಾಗಿ ಕೆಲವು ಪ್ರಾರ್ಥನೆಗಳನ್ನು ಬರೆದುಕೊಟ್ಟರು. ಅವುಗಳಲ್ಲೊಂದು ಬೆಳಗಿನ ಪ್ರಾರ್ಥನೆ. ತನ್ನೊಬ್ಬನಿಂದ ಪ್ರಾರ್ಥಿಸಲಾಗದು ಎಂದು ದೇವರಲ್ಲಿ ಒಪ್ಪಿಕೊಳ್ಳುವುದೇ ಅದರ ಆರಂಭದ ಧಾಟಿ. ಯಾರು ಯಾವ ದಿನ ಗಲ್ಲಿಗೆ ಹೋಗುತ್ತಾರೋ ತಿಳಿಯದ ಜಾಗದಲ್ಲಿ, ನಿಮ್ಮ ಮನಸ್ಸಿಗೆ ಬಂದದ್ದನ್ನು ಪ್ರಾರ್ಥಿಸಿಕೊಳ್ಳಿ ಎಂದು ಅವರು ಬಿಡಲಿಲ್ಲ. ಕೈಗೆ ಸಿದ್ಧವಾದ ಮಾತು ಕೊಟ್ಟರು. 1945ರ ಏಪ್ರಿಲ್ 9ರಂದು ಅವರನ್ನೇ ಗಲ್ಲಿಗೇರಿಸಿದರು.

ಅದಕ್ಕೂ ಬಹಳ ಹಿಂದೆ, ಸುಮಾರು ಕ್ರಿ.ಶ. 112ರಲ್ಲಿ, ಈಗಿನ ಟರ್ಕಿಯ ಉತ್ತರಕ್ಕೆ ರಾಜ್ಯಪಾಲನಾಗಿದ್ದ ಪ್ಲಿನಿ ಎಂಬಾತ ರೋಮನ್ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರವೊಂದಿದೆ. ಕ್ರೈಸ್ತರು ಏನು ಮಾಡುತ್ತಾರೆಂದು ವಿಚಾರಣೆ ನಡೆಸಿ ಆತ ಒಪ್ಪಿಸಿದ ವರದಿ ಅದು. ಅವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಸರದಿಯಲ್ಲಿ ಸ್ತುತಿಸುತ್ತಾರೆ, ಕದಿಯುವುದಿಲ್ಲ, ಮೋಸ ಮಾಡುವುದಿಲ್ಲ ಎಂದು ಪಣ ತೊಟ್ಟು ಚದುರುತ್ತಾರೆ. ಬೆಳಕು ಹರಿಯುವ ಮೊದಲು ಎಂಬುದನ್ನು ಓದಿದಾಗಲೆಲ್ಲ ನನಗೆ ಮೊದಲ ಪಾಳಿ ನೆನಪಾಗುತ್ತದೆ. ಅವರಲ್ಲಿ ಗುಲಾಮರಿದ್ದರು, ವಿಚಾರಣೆಯಲ್ಲಿ ಚಿತ್ರಹಿಂಸೆಗೆ ಗುರಿಯಾದ ಇಬ್ಬರು ದಾಸಿಯರ ಸಂಗತಿಯನ್ನು ಪ್ಲಿನಿಯೇ ಬರೆದಿದ್ದಾನೆ. ದಿನ ಶುರುವಾದ ಮೇಲೆ ಅಂಥವರ ಹೊತ್ತು ಅವರದಲ್ಲ. ಸ್ವಂತದ ಹೊತ್ತು ಅಂತ ಇದ್ದರೆ ಕತ್ತಲಿನ ಆ ತುಣುಕು ಒಂದೇ.

ತಮ್ಮನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಮಾತ್ರ ಇವರ್ಯಾರಿಂದಲೂ ಬಂದದ್ದಲ್ಲ, ಅಪ್ಪನ ಕಸುಬಿನಿಂದ ಬಂದದ್ದು. ಕರಗಿದ ಕಬ್ಬಿಣಕ್ಕೆ ತನ್ನದೇ ಆಕಾರವಿಲ್ಲ. ಅಚ್ಚಿಲ್ಲದಿದ್ದರೆ ಅದು ನೆಲದ ಮೇಲೆ ಹರಿದು, ಸಿಕ್ಕಿದ್ದನ್ನೆಲ್ಲ ಸುಟ್ಟು, ಕೊನೆಗೆ ಯಾವ ಕೆಲಸಕ್ಕೂ ಬಾರದ ಗಟ್ಟಿಯಾಗಿ ಉಳಿಯುತ್ತದೆ. ದುಃಖವೂ ಹಾಗೆಯೇ. ಅಮ್ಮನ ಸಿಟ್ಟು, ನನ್ನ ಸುಸ್ತು, ಅಪ್ಪನ ಒಳಗೆ ಏನೇನಿತ್ತೋ ಅದು, ಎಲ್ಲ ಕಾದು ಹರಿಯುತ್ತಿದ್ದ ಕಾಲ ಅದು. ಬಾಯಿಪಾಠದ ಪ್ರಾರ್ಥನೆ ಎಂದರೆ ಯಾರೋ ಹಿರಿಯರು ಮರದಲ್ಲಿ ಕೆತ್ತಿಟ್ಟ ಪ್ಯಾಟರ್ನ್. ಅದು ನನ್ನದಲ್ಲ, ಸರಿಯೇ. ಅದರಲ್ಲಿ ಹೊಯ್ಯುವುದು ಮಾತ್ರ ನನ್ನದೇ. ಅಪ್ಪ ಆ ಸಾಲುಗಳನ್ನು ಹೇಳುವಾಗ ಕಣ್ಣಲ್ಲಿ ಇಳಿದ ನೀರು ಬಾಯಿಪಾಠವಾಗಿರಲಿಲ್ಲ. ತಮ್ಮನಿಗೆ ಹಾಗೇ ಹೇಳಿದೆ. "ಸರಿ" ಅಂದ. ಆ ತಿಂಗಳ ಕೊನೆಗೆ ಊರಿಗೆ ಬಂದಾಗ, ಕಾಲೇಜಿನ ದಿನಗಳಿಂದ ಪ್ರಾರ್ಥನೆಗೆ ಏಳದವನು ಐದೂಕಾಲಕ್ಕೆ ಎದ್ದು ಅಪ್ಪನ ಎಡಗೈ ಹಿಡಿದು ಕೂತಿದ್ದ.

ಪ್ಯಾಟರ್ನ್ ಬೇಕಾದ ಅಳತೆಗಿಂತ ದೊಡ್ಡದಿರುತ್ತದೆ ಎಂದೆನಲ್ಲ, ಅದೂ ಈ ಮೂರು ವರ್ಷಗಳಲ್ಲಿ ನನಗೆ ನೆರವಾಗಿದೆ. ಬೆಳಗ್ಗೆ ನಾವು ಹೇಳುವ ಮಾತುಗಳು ನಮ್ಮ ಅಳತೆಗೆ ದೊಡ್ಡವೇ. ನಿನ್ನ ಚಿತ್ತವೇ ನಡೆಯಲಿ ಅನ್ನುತ್ತೇವೆ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಅನ್ನುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಆರುತ್ತಾ ಕುಗ್ಗುತ್ತದೆ. ಮಂಡಿಯಲ್ಲಿ ಯಾರೋ ತೂಕದ ಬಗ್ಗೆ ತಕರಾರು ತೆಗೆದಿರುತ್ತಾರೆ, ಬಸ್ಸು ತುಂಬಿರುತ್ತದೆ, ಮನೆಗೆ ಬಂದರೆ ಅಪ್ಪ ಗಂಜಿ ಚೆಲ್ಲಿರುತ್ತಾರೆ. ಬೆಳಗ್ಗೆ ಒಂದು ಮೊಳ ಇದ್ದ ತಾಳ್ಮೆ ಸಂಜೆಗೆ ಒಂದು ಗೇಣು. ಆದರೆ ಆ ಒಂದು ಗೇಣು ಉಳಿಯುವುದೇ ಬೆಳಗ್ಗೆ ಹೆಚ್ಚಿಗೆ ಅಳತೆ ಹಿಡಿದಿದ್ದರಿಂದ. ಅಂದಿನ ಕೆಲಸಕ್ಕೆ ಅಷ್ಟು ಸಾಕಾಗುತ್ತದೆ.

ಮತ್ತೆ ಮರಳಿನ ಅಚ್ಚು ಒಂದೇ ಸಲಕ್ಕೆ. ಎರಕ ಆದ ಮೇಲೆ ಅದನ್ನು ಒಡೆಯಲೇಬೇಕು. ನಿನ್ನೆಯ ಅಚ್ಚಿಗೆ ಇವತ್ತು ಹೊಯ್ಯಲಾಗದು. ಹಳೆ ಒಡಂಬಡಿಕೆಯ ವಿಮೋಚನಾಕಾಂಡದಲ್ಲಿ ಮನ್ನಾದ ಕಥೆ ಬರುತ್ತದೆ. ಮರುಭೂಮಿಯಲ್ಲಿ ಹಸಿದ ಇಸ್ರಯೇಲರಿಗೆ ಪ್ರತಿ ಬೆಳಗ್ಗೆ ನೆಲದ ಮೇಲೆ ಇಬ್ಬನಿಯ ಜೊತೆ ಆಹಾರ ಸಿಗುತ್ತಿತ್ತು. ಅವತ್ತಿಗೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಎತ್ತಿಟ್ಟವರ ಪಾಲು ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಅಂದಂದಿನ ಪಡಿ ಅಂದಂದಿಗೆ. ಅಫೇಸಿಯಾ ಇರುವವರನ್ನು ನೋಡಿಕೊಳ್ಳುವ ಮನೆಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಇನ್ನು ಐದು ವರ್ಷ ಹೀಗೇ ಆದರೆ ಏನು ಎಂದು ಯೋಚಿಸಿದರೆ ಕೈಕಾಲು ತಣ್ಣಗಾಗುತ್ತದೆ. ಇವತ್ತು ಸಂಜೆಯವರೆಗೆ ಎಂದರೆ ಎದ್ದು ಬಿಸಿನೀರು ಕಾಯಿಸಬಹುದು. ನಾನು ಭರವಸೆ ಅನ್ನುವುದು ಇದಕ್ಕೆ. ಎಲ್ಲ ಸರಿಹೋಗುತ್ತದೆ ಅನ್ನುವ ಲೆಕ್ಕಾಚಾರ ಅದರಲ್ಲಿಲ್ಲ, ಇವತ್ತಿನದನ್ನು ಇವತ್ತು ಮಾಡಬಹುದು ಎಂಬಷ್ಟೇ ಇದೆ. ಕೆಲವು ಬೆಳಗ್ಗೆ ಅಷ್ಟೂ ಅನ್ನಿಸುವುದಿಲ್ಲ. ಬಾಯಿ ಹೇಳುತ್ತದೆ, ಮನಸ್ಸು ಬಸ್ಸಿನ ಹೊತ್ತನ್ನು ನೋಡುತ್ತಿರುತ್ತದೆ. ಆ ದಿನವೂ ಬಿಸಿನೀರು ಕಾಯುತ್ತದೆ.

ಪಕ್ಕದ ಮನೆಯ ಅಕ್ಕ ಲಿಂಗಾಯತರು. ಅವರ ಇಷ್ಟಲಿಂಗ ಪೂಜೆಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಒಂದು ಸಲ ಕಾಂಪೌಂಡಿನ ಆಚೆಯಿಂದ, "ನಿಮ್ಮಪ್ಪಾಜಿ ದನಿ ಕೇಳಿಸ್ತು ಕಣೇ, ನಂಗೆ ಪೂಜೆ ಅರ್ಧಕ್ಕೆ ನಿಂತೋಯ್ತು" ಅಂದರು. ಅವತ್ತಿನಿಂದ ಬೆಳಗ್ಗೆ ದನಿ ಕೇಳಿಸದಿದ್ದರೆ ಬಾಗಿಲಿಗೆ ಬಂದು ವಿಚಾರಿಸುತ್ತಾರೆ. ನಮ್ಮ ಹೆಸರುಗಳ ಪಟ್ಟಿಯಲ್ಲಿ ಅವರ ಮಗನ ಹೆಸರೂ ಇದೆ. ಕೆಲಸ ಹೋಗಿ ವರ್ಷವಾಗಿತ್ತು ಅವನಿಗೆ.

ಅಮ್ಮ ಪ್ರಾರ್ಥನೆಗೆ ಒಮ್ಮೆಗೇ ಮರಳಲಿಲ್ಲ. ಮೊದಲು ಅಡುಗೆಮನೆಯಿಂದಲೇ ಆಮೆನ್ ಅನ್ನುತ್ತಿದ್ದಳು. ಆಮೇಲೆ ಬಾಗಿಲಿನವರೆಗೆ ಬಂದಳು. ನಂತರ ಹೆಸರುಗಳನ್ನು ಹೇಳುವ ಹೊತ್ತಿಗೆ, ನಾನು ಯಾರನ್ನಾದರೂ ಮರೆತರೆ ತಿದ್ದಲು, ಒಳಗೆ ಬಂದು ಕೂರತೊಡಗಿದಳು. ದೇವರ ಮೇಲಿನ ಅವಳ ದೂರು ತೀರಿದೆ ಎಂದು ನಾನು ಹೇಳಲಾರೆ. ಒಂದು ದಿನ ಜಪಸರ ಕೈಯಲ್ಲಿ ಹಿಡಿದೇ, "ಇವನ ಹತ್ರ ಕೇಳೋದು ಇನ್ನೂ ಇದೆ ನಂಗೆ" ಅಂದಳು. ಕೇಳಬೇಕಾದ್ದು ಇರುವವರೆಗೆ ಅವನ ಎದುರ ಕೂರುತ್ತಾಳೆ ಎನ್ನುವುದು ನನಗೆ ಸಮಾಧಾನ.

ಅಪ್ಪನಿಗೆ ಈಗ ಎಪ್ಪತ್ತೇಳು. ಸ್ವಂತ ಮಾತು ಏಳೆಂಟು ಪದ ಬರುತ್ತವೆ, ಅವೂ ಎಲ್ಲ ದಿನ ಬರುವುದಿಲ್ಲ. ಅವುಗಳಲ್ಲಿ ಮೊದಲು ಬಂದದ್ದು ಪ್ರಾರ್ಥನೆಯಿಂದ ಕಳಚಿಕೊಂಡು ಬಂದ ಪದ. ಕಳೆದ ವರ್ಷ ಒಂದು ಬೆಳಗ್ಗೆ, ಕಾಫಿ ಲೋಟ ಹಿಡಿದು, "ಬೇಕಾ?" ಅಂತ ಅಮ್ಮ ಯಾವತ್ತಿನಂತೆ ಉತ್ತರ ನಿರೀಕ್ಷಿಸದೆ ಕೇಳಿದಳು. ಅಪ್ಪ ಸ್ಪಷ್ಟವಾಗಿ "ಆಮೆನ್" ಅಂದರು. ಆ ಹೀಬ್ರೂ ಪದಕ್ಕೆ ಹಾಗೆಯೇ ಆಗಲಿ ಎಂದು ಅರ್ಥ. ಹೌದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗಬೇಕು? ವಾಕ್ ಚಿಕಿತ್ಸಕಿಗೆ ಹೇಳಿದಾಗ ಈ ಸಲ ಅವಳೂ ಸಂತೋಷಪಟ್ಟಳು. ತಾನಾಗಿ ಹೊರಡುತ್ತಿದ್ದ ಪದವನ್ನು ತನಗೆ ಬೇಕಾದ ಕಡೆ ಹಾಕಿದ್ದಾರೆ, ಇದು ಹೆಜ್ಜೆ ಎಂದಳು. ಅಂದಿನಿಂದ ಮನೆಯಲ್ಲಿ ಒಪ್ಪಿಗೆಗೆ ಅದೇ ಮಾತು. ಫ್ಯಾನ್ ಹಾಕಲಾ, ಆಮೆನ್. ಪೇಪರ್ ಓದಲಾ, ಆಮೆನ್. ಮೊನ್ನೆ ಭಾನುವಾರ ತಟ್ಟೆಯಲ್ಲಿ ಎರಡು ಇಡ್ಲಿ ಆದ ಮೇಲೆ ಅಮ್ಮ, ಡಾಕ್ಟರು ಹೇಳಿದ್ದಾರೆ, ಸಾಕಲ್ವಾ ಎಂದಳು. ಅಪ್ಪ ಬಾಯಿ ಬಿಡಲಿಲ್ಲ. "ಇನ್ನೊಂದು ಹಾಕಲಾ?" ಎಂದಳು.

"ಆಮೆನ್" ಎಂದು ತಟ್ಟೆಯನ್ನು ಎಡಗೈಯಲ್ಲಿ ಮುಂದಕ್ಕೆ ತಳ್ಳಿದರು.